ನಲವತ್ತೊಂದು ಕಿಲೋ ಸೆರಗು

ನಮ್ಮೂರಿನಲ್ಲಿ ದರ್ಜಿ ಅಂಗಡಿಗೆ ಹೋದರೆ ಮೊದಲು ಕಾಣುವುದು ತಕ್ಕಡಿ, ಹೊಲಿಗೆ ಮಿಶನ್ನು ಆಮೇಲೆ. ಇಲ್ಲಿ ಬಟ್ಟೆಯ ಮೇಲೆ ಕೈಯಿಂದ ಏನು ಬರೆದರೂ ಆ ಚಿತ್ರಕ್ಕೆ ಆ ವಸ್ತುವಿನ ತೂಕ ಬರುತ್ತದೆ. ಎಷ್ಟು ಚೆನ್ನಾಗಿ ಬರೆದರೆ ಅಷ್ಟು ತೂಕ. ಅಚ್ಚು ಹಾಕಿದ್ದಕ್ಕೆ ಬರುವುದಿಲ್ಲ, ಕಾಗದದ ಮೇಲೆ ಬರೆದದ್ದಕ್ಕೂ ಬರುವುದಿಲ್ಲ. ಹೊರಗಿನಿಂದ ಬಂದವರು ಯಾಕೆ ಹೀಗೆ ಎಂದು ಕೇಳುತ್ತಾರೆ. ನಾವು ಕಾಫಿ ಕೊಟ್ಟು ಕಳಿಸುತ್ತೇವೆ.

ಊರು ಇದಕ್ಕೆ ಹೊಂದಿಕೊಂಡು ಬಹಳ ಕಾಲವಾಗಿದೆ. ನಾಟಕದ ಕಂಪನಿಯವರು ಒಮ್ಮೆ ಅರಮನೆಯ ಪರದೆ ಬರೆಸಿ ರಂಗವನ್ನೇ ಮುರಿದುಕೊಂಡರು. ಈಗ ಬಿಳಿ ಪರದೆ ಬಿಟ್ಟು, ಇದು ಅರಮನೆ ಎಂದು ಹೇಳಿಬಿಡುತ್ತಾರೆ. ಚುನಾವಣೆಗೆ ನಿಂತವರು ಬಟ್ಟೆಯ ಮೇಲೆ ತಮ್ಮ ಮುಖವನ್ನು ಕುತ್ತಿಗೆಯಿಂದ ಮೇಲಕ್ಕಷ್ಟೇ ಬರೆಸಿಕೊಳ್ಳುತ್ತಾರೆ, ಅದೂ ಊರಿನ ಅತಿ ಕೆಟ್ಟ ಚಿತ್ರಗಾರನ ಕೈಯಲ್ಲಿ. ಅವನಿಗೆ ಐದು ವರ್ಷಕ್ಕೊಮ್ಮೆ ಒಳ್ಳೆಯ ಸುಗ್ಗಿ. ದೇವಸ್ಥಾನದ ಪರದೆಯ ಮೇಲೆ ದೇವರನ್ನು ಬರೆದಿದ್ದಾರೆ. ಅದು ಹಗುರವಾಗಿಯೇ ಇದೆ. ಆ ವಿಷಯವನ್ನು ಯಾರೂ ಎತ್ತುವುದಿಲ್ಲ.

ನನ್ನ ಹೆಸರು ಸಾಕಮ್ಮ. ಆರನೆಯ ಹೆಣ್ಣಾಗಿ ಹುಟ್ಟಿದ್ದಕ್ಕೆ ಇನ್ನು ಸಾಕು ಎಂದು ಆ ಹೆಸರಿಟ್ಟರು. ನನ್ನ ನಂತರ ಇನ್ನೂ ಇಬ್ಬರು ಹುಟ್ಟಿದರು. ಮದುವೆ ಹೆಣ್ಣಿನ ಬಟ್ಟೆ ಮಾಡುವುದು ನನ್ನ ಕಸುಬು. ಆದರೆ ಜನ ನನ್ನನ್ನು ಹುಡುಕಿಕೊಂಡು ಬರುವುದು ಹೊಲಿಗೆಗಲ್ಲ, ಕೆಡಿಸುವುದಕ್ಕೆ.

ನಮ್ಮಲ್ಲಿ ಮದುವೆ ಐದು ದಿನ. ಐದೂ ದಿನ ಮದುಮಗಳು ಕೈಯಿಂದ ಚಿತ್ರ ಬರೆದ ಸೀರೆಯನ್ನೇ ಉಡಬೇಕು. ಕೊನೆಯ ದಿನ ಧಾರೆಗೆ ಮುಂಚೆ ನಡುಮನೆಯ ಬಾಗಿಲಿನಿಂದ ಮಂಟಪದವರೆಗೆ ಇಪ್ಪತ್ತೊಂದು ಹೆಜ್ಜೆ ಒಬ್ಬಳೇ ನಡೆಯಬೇಕು. ನಡುವೆ ನಿಲ್ಲಬಾರದು, ಯಾರನ್ನೂ ಹಿಡಿದುಕೊಳ್ಳಬಾರದು. ನಿಂತರೆ ಗಂಡಿನ ಕಡೆಯವರು ಊಟ ಮಾಡಿಕೊಂಡು ಹುಡುಗನನ್ನೂ ಕರೆದುಕೊಂಡು ಹೋಗುತ್ತಾರೆ. ತವರಿನ ಭಾರ ಇಳಿಸಲಾರದವಳು ಎಂದು ಹೆಣ್ಣಿಗೆ ಹೆಸರು ಬರುತ್ತದೆ. ಹಾಗೆ ಹೆಸರು ಬಂದವರು ನಮ್ಮೂರಲ್ಲಿ ಇಬ್ಬರಿದ್ದಾರೆ. ಒಬ್ಬಳು ಹಲಸಿನ ಹಣ್ಣು ಬರೆಸಿಕೊಂಡವಳು, ಇನ್ನೊಬ್ಬಳು ತೆಂಗಿನ ಗೊನೆ. ಇಬ್ಬರೂ ಇವತ್ತಿಗೂ ಅಣ್ಣಂದಿರ ಮನೆಯಲ್ಲೇ ಇದ್ದಾರೆ.

ಆದ್ದರಿಂದ ನೋಡಿದವರು ಗಿಣಿ ಅನ್ನಬೇಕು, ತಕ್ಕಡಿ ಮಾತ್ರ ಗಿಣಿ ಅಲ್ಲ ಅನ್ನಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಷ್ಟು ಹದವಾಗಿ ಕೆಡಿಸುವುದು ನನ್ನ ವಿದ್ಯೆ. ಅದಕ್ಕೆಂದೇ ಮೂರು ಕೂದಲಿನ ಒಂದು ಕುಂಚ ಇಟ್ಟುಕೊಂಡಿದ್ದೇನೆ. ಗಿಣಿಯ ಕಣ್ಣನ್ನು ಎಳ್ಳಿನಷ್ಟು ಮೇಲಕ್ಕೆ ತಳ್ಳುತ್ತೇನೆ, ಮಾವಿನ ನೆರಳನ್ನು ಬಿಸಿಲಿನ ಕಡೆಗೇ ಹಾಕುತ್ತೇನೆ. ತಕ್ಕಡಿಯ ತಟ್ಟೆ ಮೇಲಕ್ಕೇಳುತ್ತದೆ. ಮೂವತ್ತು ವರ್ಷದಲ್ಲಿ ದೊಡ್ಡ ದೊಡ್ಡ ಚಿತ್ರಗಾರರು ಬರೆದದ್ದನ್ನು ಕೆಡಿಸಿದ್ದೇನೆ. ನನ್ನಷ್ಟು ನಾಜೂಕಾಗಿ ಕೆಡಿಸುವವರು ಈ ಊರಲ್ಲಿ ಇನ್ನೊಬ್ಬರಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರೂ ತಪ್ಪಿಲ್ಲ.

ಕುಮುದ, ಸೋಡಾ ಫ್ಯಾಕ್ಟರಿ ರಂಗಪ್ಪನವರ ಒಬ್ಬಳೇ ಮಗಳು. ಅವಳನ್ನು ಸಣ್ಣವಳಿದ್ದಾಗಿನಿಂದ ಬಲ್ಲೆ, ಊರೆಲ್ಲ ಬಲ್ಲದು. ಏಳನೆಯ ತರಗತಿಯ ಡ್ರಾಯಿಂಗ್ ಪರೀಕ್ಷೆಯಲ್ಲಿ ಕರ್ಚೀಫಿನ ಮೇಲೆ ಆನೆ ಬರೆಯಲು ಹೇಳಿದ್ದರು. ಬೇರೆ ಮಕ್ಕಳ ಆನೆಗಳು ಒಂದೊಂದು ಸೇರು, ಎರಡೆರಡು ಸೇರು ತೂಗಿದವು. ಕುಮುದಳದು ಹನ್ನೊಂದು ಗ್ರಾಂ. ಕರ್ಚೀಫು ತೊಳೆದು ಒಣಗಿಸಿ ಇನ್ನೊಮ್ಮೆ ತೂಗಿದರೂ ಹನ್ನೊಂದೇ. ಅವತ್ತಿನಿಂದ ರಂಗಪ್ಪನವರು ಮಗಳನ್ನು ಹಗುರಮ್ಮ ಎಂದು ಕರೆಯಲು ಶುರು ಮಾಡಿದರು, ಊರೂ ಹಾಗೇ ಕರೆಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ರಂಗಪ್ಪನವರಿಗೆ ಮಗಳೇನೋ ಮುದ್ದೇ, ಮಗಳು ಬರೆದ ಹೆಗ್ಗಣ ಮಾತ್ರ ನಗೆಚಾಟಿಕೆ. ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ. ದಿಂಬಿನ ಚೀಲ, ಟವೆಲ್ಲು, ಅಪ್ಪನ ಹಳೆಯ ಪಂಚೆ, ಸಿಕ್ಕಿದ್ದರ ಮೇಲೆಲ್ಲ ಬರೆದಳು. ಯಾವುದೂ ನಿಂಬೆಹಣ್ಣಿಗಿಂತ ಹೆಚ್ಚು ತೂಗಲಿಲ್ಲ.

ಮದುವೆ ಗೊತ್ತಾದಾಗ ಅವಳು ಒಂದು ಟ್ರಂಕು ಹೊರಿಸಿಕೊಂಡು ಅಂಗಡಿಗೆ ಬಂದಳು. ಜೊತೆಗೆ ರಂಗಪ್ಪನವರೂ ಬಂದರು. ಟ್ರಂಕಿನ ತುಂಬ ಹನ್ನೆರಡು ವರ್ಷದಲ್ಲಿ ಅವಳು ಬರೆದ ಬಟ್ಟೆಗಳು.

"ಐದು ದಿನದ್ದೂ ನಾನೇ ಬರೀತೀನಿ ಸಾಕಕ್ಕ. ಇದರಲ್ಲಿ ಯಾವುದನ್ನ ಯಾವ ದಿನಕ್ಕೆ ಹಾಕೋದು, ಅಂಚಿಗೆ ಯಾವುದು, ಸೆರಗಿಗೆ ಯಾವುದು, ನೀವು ಹೇಳಬೇಕು" ಅಂದಳು.

ರಂಗಪ್ಪನವರು ನಗುತ್ತಾ, "ಬರೀಲಿ ಬಿಡಿ ಸಾಕಮ್ಮೋರೇ. ನಿಮಗೆ ಕೆಡಿಸೋ ಕೆಲಸಾನೂ ಇಲ್ಲ. ನಮ್ಮ ಹಗುರಮ್ಮ ಬೆಟ್ಟ ಬರೆದ್ರೂ ಉಟ್ಕೊಂಡು ಕುಣೀಬಹುದು" ಅಂದರು.

ಕುಮುದ ಅಪ್ಪ ಹೋಗುವವರೆಗೂ ಟ್ರಂಕಿನೊಳಗೆ ಏನೋ ಹುಡುಕುತ್ತಿದ್ದಳು. ಆಮೇಲೆ ತಲೆ ಎತ್ತದೆ ಹೇಳಿದಳು. "ಈ ಊರು ಬಿಡೋದರೊಳಗೆ ನಂದು ಒಂದಾದ್ರೂ ತೂಗಬೇಕು ಸಾಕಕ್ಕ. ಎಲ್ಲರೂ ನೋಡಬೇಕು. ಇಲ್ಲದಿದ್ರೆ ಹೋದ ಮನೇಲೂ ನಾನು ಹಗುರಮ್ಮನೇ."

"ನಿನ್ನ ಗಂಡನ ಮನೆ ಬಸ್‌ಸ್ಟಾಂಡಿನ ಹಿಂದೆ ತಾನೆ ಇರೋದು?"

"ಹೌದು. ಸುದ್ದಿ ಅಲ್ಲಿಗೂ ಹೋಗಿರುತ್ತೆ."

ತೂಗುವ ಚಿತ್ರ ಯಾವ ಮದುಮಗಳಿಗೂ ಬೇಡ. ಬೇಕು ಅಂದವಳನ್ನು ನಾನು ನೋಡಿದ್ದು ಅದೇ ಮೊದಲು.

ಟ್ರಂಕಿನಲ್ಲಿದ್ದದ್ದನ್ನೆಲ್ಲ ನೆಲದ ಮೇಲೆ ಹರಡಿ ಎರಡು ದಿನ ಕೂತೆವು. ಚಪ್ಪರದ ದಿನಕ್ಕೆ ತಿಳಿಹಸಿರು ಸೀರೆ, ಅಂಚಿನುದ್ದಕ್ಕೂ ಕೆಂಪಿರುವೆಯ ಸಾಲು, ಸೆರಗಿನಲ್ಲಿ ಅವು ಹೊತ್ತುಕೊಂಡು ಹೋಗುವ ಒಂದು ಸಕ್ಕರೆ ಕಾಳು. ಅರಿಶಿನದ ದಿನಕ್ಕೆ ಬಿಳಿ ಹತ್ತಿ ಸೀರೆ, ಮೈತುಂಬ ಗೋಲಿ ಸೋಡಾ ಬಾಟಲಿ. ಅರಿಶಿನ ಬಿದ್ದ ಕಡೆ ಅದು ಕಿತ್ತಳೆ ಸೋಡಾ ಆಗಲಿ ಎಂದು ನಾನೇ ಹೇಳಿದೆ. ರವಿಕೆಯ ತೋಳಿಗೆ ಬರೀ ಗೋಲಿಗಳು. ಬಳೆ ತೊಡಿಸುವ ದಿನಕ್ಕೆ ಅವರ ಮನೆಯ ಬೆಕ್ಕು, ಮಲಗಿರುವ ಹತ್ತು ಭಂಗಿಗಳಲ್ಲಿ. ಗಂಡಿನವರನ್ನು ಎದುರುಗೊಳ್ಳುವ ನಾಲ್ಕನೆಯ ದಿನಕ್ಕೆ ಕೋಳಿ ಮತ್ತು ಮರಿಗಳು. ಧಾರೆಯ ದಿನದ್ದು ಆಮೇಲೆ ಹೇಳುತ್ತೇನೆ ಅಂದಳು. ಬಣ್ಣಗಳು ಚೆಂದ, ಹೊಂದಿಕೆ ಚೆಂದ. ಒಂದೊಂದು ಸೀರೆ ಬರೆದು ಮುಗಿದ ಹಾಗೆ ತೂಗಿದೆವು. ಇಪ್ಪತ್ತನಾಲ್ಕು ಸೋಡಾ ಬಾಟಲಿ ಸೇರಿ ಒಂದು ಬದನೆಕಾಯಿಯಷ್ಟಿತ್ತು. ನನಗೆ ಬಹಳ ಅನುಕೂಲ, ಅವಳ ಮುಖ ಮಾತ್ರ ಸಣ್ಣಗಾಗುತ್ತಿತ್ತು.

ತಪ್ಪು ನಡೆದದ್ದು ಕೋಳಿಯಲ್ಲಿ. ಅವಳು ಸೆರಗಿನ ಮೇಲೆ ಹೇಂಟೆಯ ಕಾಲು ಬರೆಯುತ್ತಿದ್ದಳು. ನಾನು ಗುಂಡಿ ಹೊಲಿಯುತ್ತಾ ಕೂತಿದ್ದವಳು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಆಗುತ್ತಿತ್ತು.

"ಕೋಳಿ ಕಾಲು ಹಂಗೆ ಮುಂದಕ್ಕೆ ಮಡಚಲ್ಲ ಕಣೆ, ಹಿಂದಕ್ಕೆ ಮಡಚುತ್ತೆ. ಭಾರ ಹಾಕಿ ನಿಂತಿರೋ ಕಾಲಿನ ಬೆರಳು ಅಗಲವಾಗುತ್ತೆ, ಎತ್ತಿದ ಕಾಲಿನದ್ದು ಮುಚ್ಕೊಳುತ್ತೆ" ಅಂದೆ.

ಮೂವತ್ತು ವರ್ಷದಿಂದ ನಾನು ಮಾಡಿದ್ದು ಇದೊಂದೇ. ಯಾವ ಗೆರೆಯಿಂದ ಚಿತ್ರ ನಿಜವಾಗಿದೆ ಎಂದು ಹುಡುಕಿ ಆ ಗೆರೆಯನ್ನು ಕೆಡಿಸುವುದು. ಕೆಡಿಸುವುದು ಗೊತ್ತಿದ್ದವಳಿಗೆ ಸರಿ ಯಾವುದು ಎನ್ನುವುದೂ ಗೊತ್ತಿರುತ್ತದಲ್ಲ. ಅದುವರೆಗೆ ಯಾರೂ ಅದನ್ನು ನನ್ನಿಂದ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಕುಮುದ ಕಾಲು ಅಳಿಸಿ ಮತ್ತೆ ಬರೆದಳು. ಸೀರೆ ಚೌಕಟ್ಟಿನ ಸಮೇತ ನಮ್ಮಿಬ್ಬರ ಮಂಡಿಯ ಮೇಲೆ ಬಿತ್ತು. ತೂಗಿದರೆ ಒಂದೂಕಾಲು ಕಿಲೋ, ಸರಿಯಾಗಿ ಒಂದು ಹೇಂಟೆ. ಅವಳು ಐದು ಸಲ ಇಳಿಸಿ ಐದು ಸಲ ಏರಿಸಿದಳು. ಆಮೇಲೆ ತಕ್ಕಡಿಯ ಪಕ್ಕದಲ್ಲೇ ಕೂತು ಅತ್ತುಬಿಟ್ಟಳು. ನನಗೂ ಸಂತೋಷವಾಯಿತು. ಮದುವೆ ಬಟ್ಟೆ ಮಾಡುವವಳು ಅಂಥ ಸಂತೋಷ ಪಡಬಾರದು.

ಅಂದಿನಿಂದ ಅವಳು ದಿನಾ ಮಧ್ಯಾಹ್ನ ಬರುತ್ತಿದ್ದಳು. ನಾನು ಹೇಳಿಕೊಟ್ಟೆ. ಚಿಂದಿ ಬಟ್ಟೆಯ ಮೇಲೆ ಲೋಟ ಬರೆಸಿದೆ, ಚಪ್ಪಲಿ ಬರೆಸಿದೆ, ನನ್ನ ಇಸ್ತ್ರಿ ಪೆಟ್ಟಿಗೆ ಬರೆಸಿದೆ. ಇಸ್ತ್ರಿ ಪೆಟ್ಟಿಗೆ ಬರೆದ ಚಿಂದಿಯನ್ನು ಇವತ್ತಿಗೂ ಬಾಗಿಲು ಬಡಿದುಕೊಳ್ಳದಂತೆ ಇಟ್ಟುಕೊಂಡಿದ್ದೇನೆ. ಧಾರೆ ಸೀರೆಯನ್ನು ಮಾತ್ರ ಅವಳು ಮನೆಯಲ್ಲೇ ಬರೆದಳು. ನನಗೆ ತೋರಿಸಲಿಲ್ಲ.

ಮದುವೆಗೆ ಐದು ವಾರ ಇದೆ ಅನ್ನುವಾಗ ಅದನ್ನು ತಂದಳು. ಸೋಡಾ ಕ್ರೇಟು ಸಾಗಿಸುವ ತಳ್ಳುಗಾಡಿಯಲ್ಲಿ ತಂದಳು. ಒಂದು ಸೀರೆಗೆ ತಳ್ಳುಗಾಡಿ ಯಾಕೆ ಎಂದು ನಾನು ಕೇಳಲಿಲ್ಲ. ಇಬ್ಬರೂ ಹಿಡಿದು ಇಳಿಸಿ ನೆಲದ ಮೇಲೆ ಬಿಡಿಸಿದೆವು.

ಕೆಂಪು ರೇಷ್ಮೆಯ ಸೆರಗಿನ ಮೇಲೆ ಅವಳ ಅಜ್ಜಿ, ರಂಗಪ್ಪನವರ ತಾಯಿ ದೊಡ್ಡತಾಯಮ್ಮ, ಮಂಡಿ ಮಡಿಸಿ ಕೂತಿದ್ದರು. ದಿನವೂ ಹಿಡಿದು ಕೂರುವ ಮೊರ ಕೈಯಲ್ಲಿರಲಿಲ್ಲ, ಹಿಡಿದಿದ್ದರೆ ಅದರ ತೂಕವೂ ಸೇರುತ್ತಿತ್ತು. ಕೂತ ಜಗಲಿಯ ಕಲ್ಲನ್ನು ಬರೆದಿರಲಿಲ್ಲ, ಅದಕ್ಕೂ ಅದೇ ಕಾರಣ. ಅಜ್ಜಿ ಗಾಳಿಯಲ್ಲೇ ಕೂತಿದ್ದರೂ ಕೂತ ಹಾಗೇ ಕಾಣುತ್ತಿತ್ತು. ಕೆಳತುಟಿ ಒಳಕ್ಕೆ ಸರಿದಿತ್ತು. ಎಡಗೈ ಬಲಗೈಯ ಹೆಬ್ಬೆರಳನ್ನು ಹಿಡಿದುಕೊಂಡಿತ್ತು. ಬಸ್ಸಿಗೆ ಕಾಯುವಾಗ, ಹಾಲು ಉಕ್ಕುವುದಕ್ಕೆ ಕಾಯುವಾಗ ಆಕೆ ಹಾಗೇ ಹಿಡಿದುಕೊಳ್ಳುತ್ತಿದ್ದರು. ನಾನು ಎಷ್ಟೋ ಸಲ ನೋಡಿದ್ದೆ, ನೋಡಿದ್ದೇನೆ ಎಂದು ಗೊತ್ತಾದದ್ದು ಆವಾಗ.

ನನ್ನ ತಕ್ಕಡಿ ಹತ್ತು ಕಿಲೋಗೆ ನಿಲ್ಲುತ್ತದೆ. ಫ್ಯಾಕ್ಟರಿಯ ದೊಡ್ಡ ತೂಕದ ಯಂತ್ರಕ್ಕೇ ಹೋಗಬೇಕಾಯಿತು. ಅಲ್ಲಿ ರಂಗಪ್ಪನವರು ಇದ್ದರು, ಅಜ್ಜಿಯೂ ಕೋಲು ಹಿಡಿದು ಬಂದರು. ಬಟ್ಟೆಯ ತೂಕ ಕಳೆದರೆ ನಲವತ್ತೊಂದು ಕಿಲೋ. ಅಜ್ಜಿ ತಾನೂ ಹತ್ತುತ್ತೇನೆ ಎಂದು ಹಟ ಹಿಡಿದು ಹತ್ತಿದರು. ನಲವತ್ತೊಂದು.

"ಒಂದು ಗ್ರಾಂ ಮೋಸ ಮಾಡಿಲ್ಲ ನೋಡು ನನ್ನ ಮೊಮ್ಮಗಳು" ಅಂದರು ಅಜ್ಜಿ.

ರಂಗಪ್ಪನವರು ಮುಳ್ಳನ್ನು ನೋಡಿದರು, ಮಗಳನ್ನು ನೋಡಿದರು. ತಲೆ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಒಂದು ಗಳಿಗೆ ಅವರು ಏನೋ ಒಳ್ಳೆಯದನ್ನು ಹೇಳುತ್ತಾರೆ ಅಂದುಕೊಂಡೆ. ಆದರೆ ಅವರು ಹೆಣ್ಣಿನ ತಂದೆ.

"ಸಾಕಮ್ಮೋರೇ, ಕೆಡಿಸಿಬಿಡಿ" ಅಂದರು. "ಗಂಡಿನ ಕಡೆಯೋರಿಗೆ ಇದು ತಿಳಿಯೋದು ಬೇಡ. ಹುಡುಗನ ಸೋದರತ್ತೆ ಜವರಮ್ಮ ಎಂಥೋರು ಅಂತ ನಿಮಗೇ ಗೊತ್ತು. ಮದುವೆ ಆಗೋವರೆಗೂ ಇವಳು ಹಗುರಮ್ಮ ಆಗೇ ಇರಲಿ."

"ಅಪ್ಪ" ಅಂದಳು ಕುಮುದ.

"ಇಪ್ಪತ್ತೊಂದು ಹೆಜ್ಜೆ ಇದೆಯಮ್ಮ. ನಿಂಗೆ ಹುಡುಗ ಬೇಕೋ ಬೇಡವೋ?"

ಅವಳಿಗೆ ಹುಡುಗ ಬೇಕಾಗಿದ್ದ ಎನ್ನುವುದು ನನಗೆ ಗೊತ್ತಿತ್ತು. ಸೈಕಲ್ ಶಾಪಿನ ತಿಮ್ಮರಾಜು, ಒಳ್ಳೆಯ ಹುಡುಗ. ಆರು ತಿಂಗಳಲ್ಲಿ ಅವಳ ಸೈಕಲ್ಲು ಹದಿನಾಲ್ಕು ಸಲ ಕೆಟ್ಟಿತ್ತು.

ಮಾರನೆಯ ದಿನ ಸೀರೆಯನ್ನು ಹಾಸಿಕೊಂಡು ಮೂರು ಕೂದಲಿನ ಕುಂಚ ಹಿಡಿದು ಕೂತೆ. ಕುಮುದ ಗೋಡೆಗೆ ಒರಗಿ ನಿಂತಿದ್ದಳು. ಅಜ್ಜಿ ನೋಡುವುದಕ್ಕೆಂದೇ ಬಂದು ಸ್ಟೂಲಿನ ಮೇಲೆ ಕೂತಿದ್ದರು.

"ಮೂಗಿಂದ ಶುರು ಮಾಡು ಸಾಕಮ್ಮ. ಅದು ಹುಟ್ಟಿದಾಗಿನಿಂದ ನನಗೆ ಸರಿಬಂದಿಲ್ಲ" ಅಂದರು.

ನಾನು ನಗಲಿಲ್ಲ. ಎಲ್ಲಿ ಕೆಡಿಸಬೇಕು ಎಂದು ನನ್ನ ಕಣ್ಣಿಗೆ ಕೂಡಲೇ ಗೊತ್ತಾಗಿತ್ತು. ಹೆಬ್ಬೆರಳು. ಆ ಹಿಡಿತ ಒಂದು ಕೂದಲೆಳೆ ಸಡಿಲವಾದರೆ ಸಾಕು, ಇಡೀ ಅಜ್ಜಿ ಹತ್ತಿಯಾಗಿಬಿಡುತ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ದೊಣ್ಣೆ ನಾನು. ಮೂವತ್ತು ವರ್ಷ ಅದರಿಂದ ಹೆಮ್ಮೆ ಪಟ್ಟವಳು ನಾನೇ. ಅವತ್ತು ಮಾತ್ರ ಕುಂಚ ಕೆಳಗಿಟ್ಟು ಕಾಫಿಗೆ ಎದ್ದೆ. ಕಾಫಿ ಕುಡಿದು ಬಂದು ಮತ್ತೆ ಹಿಡಿದು ಮತ್ತೆ ಕೆಳಗಿಟ್ಟೆ.

"ಕೆಡಿಸಬೇಡಿ ಸಾಕಕ್ಕ" ಅಂದಳು ಕುಮುದ. "ನಾನು ನಡೀತೀನಿ."

"ನಲವತ್ತೊಂದು ಕಿಲೋ ಕಣೆ."

"ಎರಡು ಸೋಡಾ ಕ್ರೇಟು. ಹದಿನೈದು ದಿನದಿಂದ ಬೆಳಿಗ್ಗೆ ಬೆಳಿಗ್ಗೆ ಹೊತ್ತು ಅಭ್ಯಾಸ ಮಾಡ್ತಿದೀನಿ."

ನಾನು ಟೇಪು ತೆಗೆದು ಅವಳ ಹೆಗಲು ಅಳೆದೆ. ತಿಂಗಳ ಹಿಂದೆ ತೆಗೆದ ಅಳತೆಗಿಂತ ಒಂದು ಬೆರಳು ಹೆಚ್ಚಿತ್ತು. ಸುಳ್ಳು ಹೇಳುತ್ತಿರಲಿಲ್ಲ.

"ಆಯ್ತು, ನಡೆದೆ ಅಂತಿಟ್ಕೋ. ನಿಲ್ಲದೆ ನಡೆದ್ರೆ ಎಲ್ಲರೂ ಹಗುರ ಅಂದ್ಕೋತಾರೆ. ನೀನು ಬರೆದದ್ದು ತೂಗುತ್ತೆ ಅಂತ ಯಾರಿಗೂ ತಿಳಿಯಲ್ಲ. ತಿಳಿಯಬೇಕು ಅಂದ್ರೆ ಮುಗ್ಗರಿಸಬೇಕು, ಮುಗ್ಗರಿಸಿದ್ರೆ ಹುಡುಗ ಹೋಗ್ತಾನೆ."

"ನಂಗೆ ಹುಡುಗನೂ ಬೇಕು, ಇದೂ ಬೇಕು. ಮೊದಲು ನಡೀತೀನಿ. ಆಮೇಲಿಂದು ಆಮೇಲೆ."

"ನನ್ನನ್ನ ಹೊತ್ಕೊಂಡು ಹೋಗ್ತಾಳಂತೆ" ಅಂದರು ಅಜ್ಜಿ, ಯಾರಿಗೆ ಎಂದಲ್ಲದೆ. ಕೋಲು ಊರಿಕೊಂಡು ಎದ್ದು ಮನೆಗೆ ಹೋದರು.

ಕೆಡಿಸುವ ಬದಲು ಹೊಲಿದೆ. ಸೆರಗಿನ ಹಿಂದೆ ದಪ್ಪ ಖಾದಿ ಕೊಟ್ಟೆ, ಇಲ್ಲದಿದ್ದರೆ ರೇಷ್ಮೆ ಹರಿದುಹೋಗುತ್ತಿತ್ತು. ರವಿಕೆಯ ಒಳಗೆ ಎರಡೂ ಹೆಗಲಿಗೆ ಕ್ಯಾನ್ವಾಸ್ ಪಟ್ಟಿ ಹಾಕಿ, ಬೆನ್ನ ಮೇಲೆ ಅಡ್ಡ ಹಾಯಿಸಿ ಸೊಂಟಕ್ಕೆ ತಂದೆ. ಸೆರಗನ್ನು ಹಿಂದಕ್ಕೆ ಇಳಿಬಿಟ್ಟರೆ ಅವಳು ಅಂಗಾತ ಬೀಳುತ್ತಿದ್ದಳು, ಆದ್ದರಿಂದ ಬಲಗಡೆಯಿಂದ ಸುತ್ತಿ ಮುಂದಕ್ಕೆ ತಂದು ಸಿಕ್ಕಿಸುವ ಹಾಗೆ ಮಾಡಿದೆ. ಇದು ಹೊಸ ಫ್ಯಾಷನ್ನು ಎಂದು ಎಲ್ಲರಿಗೂ ಹೇಳಿದೆ, ಈಗ ಊರ ಹೆಣ್ಣುಮಕ್ಕಳೆಲ್ಲ ಹಾಗೇ ಉಡುತ್ತಾರೆ. ರಂಗಪ್ಪನವರು ಬಂದು ಕೆಲಸ ಆಯಿತೇ ಎಂದು ಕೇಳಿದರು. ಆಯಿತು ಅಂದೆ. ಏನು ಕೆಲಸ ಎಂದು ಅವರು ಕೇಳಲಿಲ್ಲ.

ಮದುವೆ ಶುರುವಾಯಿತು. ಇರುವೆ ಸೀರೆ ನೋಡಿ ಹೆಂಗಸರು ಕಾಲು ಕೊಡವಿಕೊಂಡರು. ಅರಿಶಿನದ ದಿನ ಸೋಡಾ ಬಾಟಲಿಗಳು ನಾನಂದು­ಕೊಂಡ ಹಾಗೇ ಒಂದೊಂದಾಗಿ ಕಿತ್ತಳೆಯಾದವು. ಮೂರನೆಯ ದಿನ ಮನೆಯ ಬೆಕ್ಕು ಬಂದು ತನ್ನ ಹತ್ತು ಚಿತ್ರಗಳನ್ನು ಮೂಸಿ ನೋಡಿ ಎದ್ದುಹೋಯಿತು. ಕೋಳಿ ಸೀರೆಯ ದಿನ ಗಂಡಿನ ಕಡೆಯವರು ಬಂದಿಳಿದರು. ಒಂದೂಕಾಲು ಕಿಲೋ ಯಾರ ಗಮನಕ್ಕೂ ಬರಲಿಲ್ಲ. ಅಜ್ಜಿ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ವಯಸ್ಸಾದವರಿಗೆ ಗದ್ದಲ ಆಗದು ಎಂದು ನಾವೂ ಎಬ್ಬಿಸಲಿಲ್ಲ.

ಧಾರೆಯ ದಿನ ನಾನೇ ಸೀರೆ ಉಡಿಸಿದೆ. ಸೆರಗು ಏರಿಸಿದಾಗ ಅವಳ ಮುಖ ಕೆಂಪಾಗಿ ಆಮೇಲೆ ಸರಿಹೋಯಿತು. ಬಾಗಿಲು ತೆಗೆದರು. ಜವರಮ್ಮ ಮಂಟಪದ ಪಕ್ಕ ಕುರ್ಚಿ ಹಾಕಿಸಿಕೊಂಡು ಹೆಣ್ಣಿನ ಪಾದವನ್ನೇ ನೋಡುತ್ತಾ ಕೂತಿದ್ದರು. ಕುಮುದ ನಡೆದಳು. ಚಪ್ಪರದ ನೆಲವನ್ನು ಹಿಂದಿನ ದಿನವಷ್ಟೇ ಸಾರಿಸಿದ್ದರು, ಮಣ್ಣು ಇನ್ನೂ ಹಸಿಯಾಗಿತ್ತು. ಅವಳು ಕಾಲೆತ್ತಿದ ಕಡೆಯೆಲ್ಲ ಎರಡು ಬೆರಳು ಆಳಕ್ಕೆ ಹೆಜ್ಜೆ ಮೂಡುತ್ತಿತ್ತು. ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ನಾನು ನೆರಿಗೆ ಸರಿಮಾಡುವವಳ ಹಾಗೆ ಹಿಂದೆ ಹಿಂದೆ ಹೋಗುತ್ತಾ ಕಾಲಿನಿಂದ ಒಂದೊಂದೇ ಗುಂಡಿ ಮುಚ್ಚಿಕೊಂಡು ಬಂದೆ. ಹನ್ನೆರಡನೆಯ ಹೆಜ್ಜೆಗೆ ಅವಳ ಕುತ್ತಿಗೆಯ ಹಿಂದೆ ಬೆವರು ಇಳಿಯಿತು. ಹದಿನೇಳಕ್ಕೆ ಎಡಗಾಲು ಗೇಣಷ್ಟು ಪಕ್ಕಕ್ಕೆ ಬಿತ್ತು. ನನಗೆ ತಿಳಿದ ದೇವರನ್ನೆಲ್ಲ ನೆನೆದೆ, ಪರದೆಯ ಮೇಲಿರುವ ಹಗುರ ದೇವರನ್ನೂ ಸೇರಿಸಿ. ಇಪ್ಪತ್ತೊಂದು ಆಯಿತು. ಅವಳು ನಿಂತಿರಲಿಲ್ಲ.

ಹಸೆಮಣೆಯ ಮೇಲೆ ಕೂತಾಗ ಮಣೆ ಕಿರುಗುಟ್ಟಿತು. ಪುರೋಹಿತರು ತಲೆ ಎತ್ತಿ ಚಪ್ಪರದ ಕಂಬ ನೋಡಿದರು. ತಿಮ್ಮರಾಜು ಅವಳ ಕೈ ಹಿಡಿದವನು ಒಮ್ಮೆ ಸೆರಗನ್ನು, ಒಮ್ಮೆ ಅವಳ ಮುಖವನ್ನು ನೋಡಿದ. ಸೈಕಲ್ಲಿಗೆ ಎಷ್ಟು ಭಾರ ಹೇರಿದ್ದಾರೆ ಎಂದು ಟೈರು ನೋಡಿಯೇ ಹೇಳುವ ಹುಡುಗ ಅವನು. ಏನೂ ಅನ್ನದೆ ತನ್ನ ಮೊಣಕೈಯನ್ನು ಅವಳಿಗೆ ಒರಗುವಷ್ಟು ಹತ್ತಿರ ಇಟ್ಟುಕೊಂಡು ಕೂತ. ಕೂತ ಮೇಲೆ ಒರಗಬಾರದು ಎಂದು ಶಾಸ್ತ್ರದಲ್ಲಿ ಇಲ್ಲ. ತಾಳಿ ಕಟ್ಟಿದ್ದಾಯಿತು.

ಊಟಕ್ಕೆ ಮುಂಚೆ ಕುಮುದ ಬೇರೆ ಸೀರೆ ಉಟ್ಟು ಹೊರಗೆ ಬಂದಳು. ಜವರಮ್ಮ ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಹೊಗಳುತ್ತಿದ್ದರು.

"ಹೂವಿನ ಹಂಗೆ ನಡ್ಕೊಂಡು ಬಂದ್ಲು ಹುಡುಗಿ. ಏನು ಕೈಗುಣ ಸಾಕಮ್ಮ ನಿಂದು. ಆದ್ರೂ ನಿಂಗೆ ಹೆಚ್ಚು ಕೆಲಸ ಇರಲಿಲ್ಲ ಬಿಡು. ಬರೆದೋಳು ಹಗುರಮ್ಮ ಅಲ್ವಾ, ನಮಗೂ ಮೊದಲೇ ಗೊತ್ತಿತ್ತು."

ನಾಲ್ಕು ಜನ ನಕ್ಕರು. ಕುಮುದ ನನ್ನ ಕಡೆ ನೋಡಿದಳು, ಆಮೇಲೆ ಅಡುಗೆಯವರ ಕಡೆ ತಿರುಗಿ, "ಅಕ್ಕಿ ಮೂಟೆ ತೂಗೋ ತಕ್ಕಡಿ ಇಲ್ಲಿಗೆ ತರ್ತೀರಾ?" ಎಂದು ಕೇಳಿದಳು.

"ಬೇಡಮ್ಮ" ಅಂದರು ರಂಗಪ್ಪನವರು.

"ತಾಳಿ ಆಯ್ತಲ್ಲಪ್ಪ."

ತಕ್ಕಡಿಯನ್ನು ಚಪ್ಪರದ ನಡುತೊಲೆಗೆ ನೇತು ಹಾಕಿದರು. ಮಡಿಸಿದ ಸೀರೆಯನ್ನು ಇಬ್ಬರು ಗಂಡಸರು ಒಳಗಿನಿಂದ ಹೊತ್ತು ತಂದಾಗಲೇ ನಗು ನಿಂತುಹೋಗಿತ್ತು. ಒಂದು ತಟ್ಟೆಯಲ್ಲಿಟ್ಟರು, ತಟ್ಟೆ ಧಡ್ಡೆಂದು ನೆಲಕ್ಕೆ ಕೂತಿತು. ಅಡುಗೆಯವರು ತೂಕದ ಕಲ್ಲು ತರಲು ಹೊರಟಾಗ ಹಿಂದಿನ ಕೋಣೆಯಿಂದ ಅಜ್ಜಿ ಗೋಡೆ ಹಿಡಿದುಕೊಂಡು ಬಂದರು.

"ಕಲ್ಲು ಯಾಕೆ? ಬರೆದಿರೋದು ನನ್ನನ್ನ ತಾನೆ? ಕೂರಿಸಿ" ಅಂದರು.

ಬಟ್ಟೆಯ ತೂಕಕ್ಕೆಂದು ಒಂದು ಕಿಲೋ ಕಲ್ಲನ್ನು ನಾನು ಆ ಕಡೆಯ ತಟ್ಟೆಗೆ ಹಾಕಿದೆ. ಕಸುಬು ಕಸುಬೇ. ಅಜ್ಜಿಯನ್ನು ಕೂರಿಸಿದರು. ಆಕೆ ಕಾಲು ಮಡಿಸಿ, ಹೆಬ್ಬೆರಳು ಹಿಡಿದು ಕೂತರು. ಎಲ್ಲರೂ ಸೀರೆಯ ತಟ್ಟೆ ಏಳುವುದನ್ನೇ ಕಾಯುತ್ತಿದ್ದೆವು. ಅದು ಏಳಲಿಲ್ಲ. ಅಜ್ಜಿಯ ತಟ್ಟೆಯೇ ಮೇಲೆ ಉಳಿಯಿತು.

ಚಿತ್ರ ವಸ್ತುವಿಗಿಂತ ಹೆಚ್ಚು ತೂಗಿದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಜವರಮ್ಮ ಎದ್ದು ಹತ್ತಿರ ಬಂದು ನೋಡಿದರು. "ಇದೇನು, ಇರೋದಕ್ಕಿಂತ ಜಾಸ್ತಿ ಬರೆದುಬಿಟ್ಟಿದ್ದಾಳಲ್ಲ. ಇದೂ ತಪ್ಪೇ" ಅಂದರು. ಕುಮುದಳ ಮುಖ ಬಿಳಿಚಿಕೊಂಡಿತು. ತಕ್ಕಡಿಯನ್ನಲ್ಲ, ಅಜ್ಜಿಯನ್ನು ನೋಡುತ್ತಿದ್ದಳು.

"ಚಿತ್ರ ಸರಿಯಾಗಿದೆ ಕಣಮ್ಮ" ಅಂದರು ಅಜ್ಜಿ ತೂಗಾಡುತ್ತಾ. "ಕಡಿಮೆ ಆಗಿರೋದು ನಾನು."

ಫ್ಯಾಕ್ಟರಿಯಲ್ಲಿ ಅವತ್ತು ಮುಳ್ಳು ನೋಡಿದವರು ರಂಗಪ್ಪನವರೇ. ತೂಕದ ಕಲ್ಲುಗಳನ್ನು ತಾವೇ ತಂದು ತಾಯಿಯ ಮಡಿಲಿಗೆ ಇಟ್ಟರು. ಒಂದು ಕಿಲೋ. ಎರಡು. ಮೂರಕ್ಕೂ ತಕ್ಕಡಿಯ ಕೋಲು ಅಲುಗಲಿಲ್ಲ. ನಾಲ್ಕು. ಐದು. ಆರನೆಯ ಕಲ್ಲಿಗೆ ಸೀರೆ ನೆಲ ಬಿಟ್ಟು ಎದ್ದಿತು, ಅಜ್ಜಿಯ ತಟ್ಟೆ ಕೆಳಗಿಳಿಯಿತು, ಕೋಲು ಅಡ್ಡಕ್ಕೆ ನೇರವಾಗಿ ನಿಂತಿತು. ಐದು ವಾರದಲ್ಲಿ ಆರು ಕಿಲೋ. ಐದು ವಾರವೂ ನಾವೆಲ್ಲ ಸೆರಗಿನ ಅಜ್ಜಿಯನ್ನೇ ನೋಡುತ್ತಿದ್ದೆವು. ಬೇರೆಯವರು ಹೋಗಲಿ, ನಾನು ಅಳತೆ ತೆಗೆಯುವವಳು. ಆಕೆಯ ರವಿಕೆ ಹೆಗಲಿನಿಂದ ಜಾರುತ್ತಿದ್ದದ್ದು ನನಗೆ ಕಾಣಬೇಕಿತ್ತು. ನನಗೆ ತುಂಬಾ ನಾಚಿಕೆಯಾಯಿತು.

"ಅವ್ವಾ, ಯಾವಾಗಿಂದ ಊಟ ಬಿಟ್ಟಿದ್ದೀಯ?" ಎಂದು ಕೇಳಿದರು ರಂಗಪ್ಪನವರು.

"ಬಿಟ್ಟಿಲ್ಲಪ್ಪ. ಇವಳು ಹೋಗೋ ದಿನ ಹತ್ತಿರ ಬಂದಾಗಿನಿಂದ ಗಂಟಲಲ್ಲಿ ಇಳೀತಿಲ್ಲ. ಅಷ್ಟೇ."

ಕುಮುದ ಹೂವಿನ ಹಾರದ ಸಮೇತ ತಟ್ಟೆಯ ಪಕ್ಕ ನೆಲದಲ್ಲಿ ಕೂತು ಅಜ್ಜಿಯ ಪಾದ ಹಿಡಿದುಕೊಂಡಳು. ಜವರಮ್ಮ ಕೋಲನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು, ಬಗ್ಗಿ ಕಲ್ಲುಗಳನ್ನು ಎಣಿಸಿದರು. ಆಮೇಲೆ ಚಪ್ಪರದ ಹಸಿ ನೆಲವನ್ನು, ನಾನು ಮುಚ್ಚಿದ್ದ ಇಪ್ಪತ್ತೊಂದು ಗುಂಡಿಗಳನ್ನು ನೋಡಿದರು, ನನ್ನ ಕಾಲಿನ ಮಣ್ಣನ್ನೂ ನೋಡಿದರು. ನಾನು ಬೇರೆ ಕಡೆ ನೋಡಿದೆ.

"ಹುಡುಗಿ ನಡೆದಿದ್ದಾಳೆ, ಅದು ನಡೆದ ಹಂಗೇ. ಬರೆದದ್ದೂ ಸರಿಯಾಗಿದೆ" ಎಂದು ಜವರಮ್ಮ ತೀರ್ಪು ಕೊಟ್ಟರು. "ಆದ್ರೆ ಮುದುಕಿನ ಈ ಸ್ಥಿತೀಲಿ ಬಿಟ್ಟು ಕರ್ಕೊಂಡು ಹೋಗೋದು ನಮ್ಮ ಮನೆತನಕ್ಕೆ ಒಳ್ಳೇದಲ್ಲ. ಆರು ಕಿಲೋ ವಾಪಸ್ ಬರೋವರೆಗೂ ಹುಡುಗಿ ಇಲ್ಲೇ ಇರಲಿ. ತಿಮ್ಮರಾಜು ಬೇಕಾದ್ರೆ ಸೈಕಲ್ಲಲ್ಲಿ ಬಂದು ಹೋಗಲಿ."

ಯಾರೋ ಬಾಳೆಎಲೆ ತಂದು ಅಜ್ಜಿಯ ಮುಂದೆ ಹಾಸಿದರು. ಅನ್ನ ಬಂತು, ಹುಳಿ ಬಂತು, ಹೋಳಿಗೆ ಬಂತು, ಹೋಳಿಗೆಯ ಮೇಲೆ ತುಪ್ಪ ಬಂತು. ಅಜ್ಜಿ ಕಲ್ಲುಗಳನ್ನು ಮಡಿಲಿನಿಂದ ಒಂದೊಂದಾಗಿ ತೆಗೆದು ಮಗನ ಕೈಗೆ ಕೊಟ್ಟರು. ಎಲೆಯನ್ನು ಒಮ್ಮೆ, ಕುಮುದಳನ್ನು ಒಮ್ಮೆ ನೋಡಿದರು.

"ಹಂಗಂದ್ಮೇಲೆ ನಾನ್ಯಾಕೆ ಉಣ್ಣಲಿ?" ಅಂದರು.